6 ಗಿಗಾಹರ್ಟ್ಸ್ ವೈಫೈ: ಈಗಾಗಲೇ ಕೊಂಡ ರೂಟರುಗಳಿಗೂ ದಾರಿ ಬಿಡಿ

ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ತರಂಗಾಂತರ ನೋಡಿಕೊಳ್ಳುವ) ವಿಭಾಗದ ಅಧಿಕಾರಿಗಳಿಗೆ,
ಸಂಚಾರ ಭವನ, ನವದೆಹಲಿ

ಮಾನ್ಯರೇ,

2025ರ ಮೇ 16ರಂದು ನೀವು ಹೊರಡಿಸಿದ ಕರಡು ನಿಯಮ ಓದಿದೆ. 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ, ಅಂದರೆ 6 ಗಿಗಾಹರ್ಟ್ಸ್ ಸುತ್ತಲಿನ ತರಂಗಾಂತರವನ್ನು ಪರವಾನಗಿ ಇಲ್ಲದೆ ವೈಫೈಗೆ ಬಳಸಬಹುದು ಎಂದಿದ್ದೀರಿ. ತುಂಬಾ ಸಂತೋಷ. ಅಭಿಪ್ರಾಯ ತಿಳಿಸಲು ಮೂವತ್ತು ದಿನ ಕೊಟ್ಟಿದ್ದೀರಿ, ಆ ಗಡುವು ಮುಗಿಯುವ ಮೊದಲು ಇದನ್ನು ಬರೆಯುತ್ತಿದ್ದೇನೆ. ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ ಬರೆಯಲು ಕಾರಣವಿದೆ. ಈ ನಿಯಮದಿಂದ ಬದಲಾಗುವುದು ನಮ್ಮ ಮನೆಗಳ ಹಾಲ್‌ನಲ್ಲಿರುವ ರೂಟರು. ಆದರೆ ಇಂಥ ಕರಡುಗಳಿಗೆ ಉತ್ತರ ಬರೆಯುವವರು ಸಾಮಾನ್ಯವಾಗಿ ಕಂಪನಿಗಳು, ಅವುಗಳ ಒಕ್ಕೂಟಗಳು. ಮನೆಯವರು ಬರೆಯುವುದು ಕಡಿಮೆ.

ನನ್ನ ಕೆಲಸ ಹೀಗಿದೆ. ಬೆಂಗಳೂರಿನಲ್ಲಿ ಆರ್ಕಿಟೆಕ್ಟ್‌ಗಳು ಮಾಡಿದ ಮನೆ ಪ್ಲಾನ್‌ಗಳನ್ನು ವಿಆರ್‌ಗೆ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಸುತ್ತ ನೋಡುವ ಕಂಪ್ಯೂಟರ್ ಲೋಕಕ್ಕೆ ತರುತ್ತೇನೆ. ಪಾಯ ತೋಡುವ ಮೊದಲೇ ಮನೆ ಕಟ್ಟಿಸುವವರು ಹೆಡ್‌ಸೆಟ್ ಹಾಕಿಕೊಂಡು ತಮ್ಮ ಮನೆಯೊಳಗೆ ಓಡಾಡಬಹುದು. ಅಡುಗೆಮನೆ ಕಟ್ಟೆ ಎತ್ತರ ಸಾಕಾ, ದೇವರ ಮನೆ ಬಾಗಿಲು ಯಾವ ಕಡೆ ತೆರೆಯಬೇಕು, ಮೆಟ್ಟಿಲು ಅಮ್ಮನ ಮಂಡಿಗೆ ಕಷ್ಟವಾ, ಎಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಗೋಡೆ ಎದ್ದ ಮೇಲೆ ಒಡೆಸುವುದಕ್ಕಿಂತ ಇದು ಎಷ್ಟೋ ಅಗ್ಗ.

ಹೆಡ್‌ಸೆಟ್‌ನಲ್ಲಿರುವ ಚಿಪ್‌ಗೆ ಇಷ್ಟು ದೊಡ್ಡ ಮಾಡೆಲ್ ಹೊರುವ ಶಕ್ತಿ ಇಲ್ಲ. ಹಾಗಾಗಿ ಚಿತ್ರ ತಯಾರಾಗುವುದು ಪಕ್ಕದಲ್ಲಿರುವ ಕಂಪ್ಯೂಟರಿನಲ್ಲಿ. ಅಲ್ಲಿ ಅದನ್ನು ವಿಡಿಯೊ ಮಾಡಿ, ಒತ್ತಿ ಚಿಕ್ಕದಾಗಿಸಿ, ವೈಫೈ ಮೂಲಕ ಹೆಡ್‌ಸೆಟ್‌ಗೆ ಕಳಿಸಬೇಕು. ಹೆಡ್‌ಸೆಟ್ ಅದನ್ನು ಬಿಚ್ಚಿ ಕಣ್ಣಿಗೆ ತೋರಿಸುತ್ತದೆ. ತಲೆ ತಿರುಗಿಸಿದ ಸುದ್ದಿ ಅದೇ ದಾರಿಯಲ್ಲಿ ವಾಪಸ್ ಕಂಪ್ಯೂಟರಿಗೆ ಹೋಗುತ್ತದೆ. ಸೆಕೆಂಡಿಗೆ 90 ಚಿತ್ರ ಅಂದರೆ ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 11 ಮಿಲಿಸೆಕೆಂಡು. ಒಳ್ಳೆಯ ಗುಣಮಟ್ಟ ಬೇಕಾದರೆ ಸೆಕೆಂಡಿಗೆ 100ರಿಂದ 200 ಮೆಗಾಬಿಟ್ ಸಾಗಬೇಕು, ಅದೂ ನಿಲ್ಲದೆ.

ಇದನ್ನು ಕೇಳಿದವರು ಮೊದಲು ಹೇಳುವ ಮಾತು "ಇನ್ನೂ ದೊಡ್ಡ ಇಂಟರ್ನೆಟ್ ಪ್ಲಾನ್ ಹಾಕಿಸಿ" ಅಂತ. ಇಲ್ಲಿ ಇಂಟರ್ನೆಟ್‌ಗೆ ಕೆಲಸವೇ ಇಲ್ಲ! ಫೈಬರ್ ಕೇಬಲ್ ಕಿತ್ತುಹಾಕಿದರೂ ಕಂಪ್ಯೂಟರಿನಿಂದ ಹೆಡ್‌ಸೆಟ್‌ಗೆ ಚಿತ್ರ ಹೋಗಬೇಕು. ಸಮಸ್ಯೆ ಇರುವುದು ರೂಟರಿನಿಂದ ಹೆಡ್‌ಸೆಟ್‌ವರೆಗಿನ ನಾಲ್ಕೈದು ಮೀಟರ್ ಗಾಳಿಯಲ್ಲಿ. ಸಿನಿಮಾ ನೋಡುವಾಗ ಟಿವಿ ಮುಂದಿನ ಕೆಲವು ಸೆಕೆಂಡುಗಳ ವಿಡಿಯೊ ಮೊದಲೇ ತಂದಿಟ್ಟುಕೊಂಡಿರುತ್ತದೆ. ನಡುವೆ ವೈಫೈ ಕೈಕೊಟ್ಟರೂ ಗೊತ್ತಾಗುವುದಿಲ್ಲ. ವಿಆರ್‌ನಲ್ಲಿ ಹಾಗೆ ಕೂಡಿಡಲು ಬರುವುದಿಲ್ಲ. ನೀವು ಮುಂದಿನ ಕ್ಷಣ ಯಾವ ಕಡೆ ನೋಡುತ್ತೀರೋ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಒಮ್ಮೆ ನಿವೃತ್ತರಾದ ಒಬ್ಬ ಮೇಷ್ಟ್ರು, ಅವರ ಹೆಂಡತಿ, ತಮ್ಮ ಹೊಸ ಮನೆ ನೋಡಲು ಬಂದಿದ್ದರು. ಮೇಷ್ಟ್ರು ಮೊದಲ ಮಹಡಿಯ ಬಾಲ್ಕನಿಗೆ ಬಂದು ಕೆಳಗೆ ಇಣುಕುತ್ತಿದ್ದಾಗ ಚಿತ್ರ ತಟ್ಟನೆ ನಿಂತಿತು. ತಲೆ ತಿರುಗಿಸಿದರು, ಮನೆಯೂ ಜೊತೆಗೇ ತಿರುಗಿತು. ಪಕ್ಕದ ಕುರ್ಚಿ ಹಿಡಿದುಕೊಂಡು ಹಾಗೇ ಕೂತುಬಿಟ್ಟರು. ಆಮೇಲೆ ನೀರು, ನಿಂಬೆ ಶರಬತ್ತು. "ನಂಗೆ ಬೇಡಪ್ಪಾ ಇದು, ಪೇಪರ್ ಮೇಲೇ ತೋರ್ಸು" ಅಂದರು. ಅವರ ಹೆಂಡತಿ ಹೆಡ್‌ಸೆಟ್ ಮುಟ್ಟಲೂ ಇಲ್ಲ. ಮೇಲಿನ ಮಹಡಿಯಲ್ಲಿ ಯಾರೋ ದೊಡ್ಡ ಫೈಲ್ ಇಳಿಸಿಕೊಳ್ಳುತ್ತಿದ್ದಿರಬೇಕು. ಅದು ಅವರ ತಪ್ಪಲ್ಲ.

ವೈಫೈ ಕೆಲಸ ಮಾಡುವುದು ವಠಾರದ ನಲ್ಲಿಯ ಹಾಗೆ. ತರಂಗಾಂತರದ ಒಂದು ತುಂಡಿನಲ್ಲಿ, ಅಂದರೆ ಒಂದು ಚಾನೆಲ್‌ನಲ್ಲಿ, ಒಂದು ಹೊತ್ತಿಗೆ ಒಬ್ಬರೇ ಹಿಡಿಯಬಹುದು, ಉಳಿದವರು ಕೊಡ ಹಿಡಿದು ಕಾಯಬೇಕು. ಪಕ್ಕದ ಮನೆಯ ರೂಟರು ಬೇರೆ ಪಾಸ್‌ವರ್ಡ್ ಇಟ್ಟುಕೊಂಡಿದ್ದರೂ ನಲ್ಲಿ ಅದೇ. ಅದರಲ್ಲೂ ಹಳೆಯ, ನಿಧಾನದ ಸಾಧನ ಸರದಿಗೆ ಬಂದರೆ ಅಷ್ಟೇ ಡೇಟಾಗೆ ಜಾಸ್ತಿ ಹೊತ್ತು ಹಿಡಿದಿರುತ್ತದೆ. ಫೋಟೊ ಕಳಿಸುವವರಿಗೆ ಈ ಕಾಯುವಿಕೆ ಗೊತ್ತೇ ಆಗುವುದಿಲ್ಲ. 11 ಮಿಲಿಸೆಕೆಂಡಿನಲ್ಲಿ ಚಿತ್ರ ತಲುಪಿಸಬೇಕಾದವನಿಗೆ ಅದೇ ದೊಡ್ಡ ಪೆಟ್ಟು.

ಇಲ್ಲಿಯವರೆಗೆ ನಮ್ಮ ವೈಫೈ ಓಡಿದ್ದು ಎರಡು ಬ್ಯಾಂಡ್‌ಗಳಲ್ಲಿ, 2.4 ಮತ್ತು 5 ಗಿಗಾಹರ್ಟ್ಸ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ ಮೂರು: 1, 6, 11. ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲ ಅದೇ ಜಾಗದಲ್ಲಿವೆ. ವಿಆರ್ ಮಟ್ಟಿಗೆ ಅದನ್ನು ಮರೆತೇಬಿಡಬೇಕು. 5 ಗಿಗಾಹರ್ಟ್ಸ್ ಪರವಾಗಿಲ್ಲ. 2018ರ ಅಕ್ಟೋಬರಿನಲ್ಲಿ ನಿಮ್ಮ ಇಲಾಖೆಯೇ ಅಲ್ಲಿ ಒಟ್ಟು 605 ಮೆಗಾಹರ್ಟ್ಸ್ ಬಿಡುಗಡೆ ಮಾಡಿತು. ಅದಕ್ಕೆ ಇವತ್ತಿಗೂ ಥ್ಯಾಂಕ್ಸ್ ಹೇಳಬೇಕು. ಆದರೆ ವಿಆರ್‌ಗೆ ಕನಿಷ್ಠ 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಇದ್ದರೆ ಚೆನ್ನ. ರಡಾರ್ ಗೊಡವೆ ಇಲ್ಲದ ಅಷ್ಟು ಅಗಲದ ಚಾನೆಲ್ 5ರಲ್ಲಿ ಎರಡೇ ಇವೆ. ಒಂದು 36ರಿಂದ, ಇನ್ನೊಂದು 149ರಿಂದ ಶುರುವಾಗುತ್ತದೆ. ನಾನು ನೋಡಿದ ಮಟ್ಟಿಗೆ ಅಪಾರ್ಟ್‌ಮೆಂಟಿನ ಬಹುತೇಕ ರೂಟರುಗಳು ತಾವಾಗಿಯೇ ಹೋಗಿ ಕೂರುವುದೂ ಈ ಎರಡರಲ್ಲೇ.

ನಡುವಿನ ಚಾನೆಲ್‌ಗಳು ರಡಾರ್ ಜೊತೆ ಹಂಚಿಕೊಂಡವು. ಅಲ್ಲಿಗೆ ಹೋಗುವ ಮೊದಲು ರೂಟರು ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೇಳುತ್ತದೆ. ಕೆಲಸದ ನಡುವೆ ರಡಾರ್ ಸದ್ದು ಕೇಳಿಸಿತು ಅಂದುಕೊಂಡರೆ ಚಾನೆಲ್ ಬಿಟ್ಟು ಓಡುತ್ತದೆ, ಅರ್ಧ ಗಂಟೆ ಆ ಕಡೆ ತಲೆ ಹಾಕುವುದಿಲ್ಲ. ನಿಜವಾದ ರಡಾರ್ ಇಲ್ಲದಿದ್ದರೂ ಕೆಲವು ರೂಟರುಗಳಿಗೆ ಭ್ರಮೆ ಆಗುವುದುಂಟು. ರೂಟರು ಬೇರೆ ಚಾನೆಲ್ ಹಿಡಿಯುವವರೆಗೆ ಹೆಡ್‌ಸೆಟ್ ಒಳಗಿರುವವರಿಗೆ ಕತ್ತಲು. ವಿಮಾನ, ಹವಾಮಾನದ ರಡಾರ್‌ಗೆ ತೊಂದರೆ ಆಗಬಾರದು, ಒಪ್ಪುತ್ತೇನೆ. ಅದಕ್ಕೇ ಬೇರೆ ಜಾಗ ಕೇಳುತ್ತಿರುವುದು. 160 ಅಗಲದ ಚಾನೆಲ್ ಬೇಕೆಂದರೆ 5ರಲ್ಲಿ ಎರಡೇ ಕೂರುತ್ತವೆ, ಎರಡರಲ್ಲೂ ರಡಾರ್ ಭಾಗ ಇದೆ.

ಹಳ್ಳಿಯಲ್ಲಿ ಈ ಸಮಸ್ಯೆ ಇಲ್ಲ, ಅದನ್ನೂ ಹೇಳಬೇಕು. ಸುತ್ತ ಅಡಿಕೆ ತೋಟ ಇರುವ ಒಂಟಿ ಮನೆಯಲ್ಲಿ 5 ಗಿಗಾಹರ್ಟ್ಸ್ ಪೂರ್ತಿ ನಿಮ್ಮದೇ. ಶಿರಸಿ ಕಡೆಯ ನೆಂಟರ ಮನೆಯಲ್ಲಿ ಸಾಧಾರಣ ರೂಟರಿನಲ್ಲೇ ನನ್ನ ಡೆಮೊ ಬೆಣ್ಣೆಯಂತೆ ಓಡಿದೆ. ಇದು ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವವರ ಗೋಳು. ಅಂಥವರು ಬೆಂಗಳೂರಿನಲ್ಲಿ, ಮಂಗಳೂರು, ಹುಬ್ಬಳ್ಳಿಯಲ್ಲಿ ದಿನಾ ಜಾಸ್ತಿ ಆಗುತ್ತಿದ್ದಾರೆ.

6 ಗಿಗಾಹರ್ಟ್ಸ್ ಇದಕ್ಕೆ ಸರಿಯಾದ ಮದ್ದು. ಅಲ್ಲಿಗೆ ವೈಫೈ 6ಇ ಎಂಬ ಹೊಸ ಪೀಳಿಗೆ ಮತ್ತು ಅದರ ನಂತರದ ವೈಫೈ 7ರಂಥ ಸಾಧನಗಳಷ್ಟೇ ಬರಬಹುದು, ಹಳೆಯ ಫೋನು, ಹಳೆಯ ಪ್ರಿಂಟರು ಬರುವ ಹಾಗೇ ಇಲ್ಲ. ಈ ತರಂಗ ಗೋಡೆ ದಾಟುವುದರಲ್ಲಿ ಸ್ವಲ್ಪ ಬಡವ, ಅದು ಒಳ್ಳೆಯದೇ. ಪಕ್ಕದ ಮನೆಯದು ನಮ್ಮ ಮನೆಗೆ ಬರುವುದು ಕಡಿಮೆ, ನಮ್ಮದು ಅವರಲ್ಲಿಗೆ ಹೋಗುವುದೂ ಕಡಿಮೆ. ವಿಆರ್ ಆಡಿಸುವುದು ಹೇಗೂ ರೂಟರ್ ಇರುವ ಕೋಣೆಯಲ್ಲೇ ಅಲ್ವಾ. ನೀವು ಕೊಡಲು ಹೊರಟಿರುವ 500 ಮೆಗಾಹರ್ಟ್ಸ್‌ನಲ್ಲಿ 80 ಅಗಲದ ಚಾನೆಲ್ ಆರು, ಅಥವಾ 160 ಅಗಲದ್ದು ಮೂರು ಸಿಗುತ್ತವೆ. ರಡಾರ್‌ಗಾಗಿ ಕಿವಿಗೊಟ್ಟು ಕಾಯುವ ರಗಳೆ ಇಲ್ಲ.

ಅಮೆರಿಕ 2020ರ ಏಪ್ರಿಲ್‌ನಲ್ಲೇ 5925ರಿಂದ 7125ರವರೆಗೆ 1200 ಮೆಗಾಹರ್ಟ್ಸ್ ಪೂರ್ತಿ ವೈಫೈಗೆ ಬಿಟ್ಟಿತು. ದಕ್ಷಿಣ ಕೊರಿಯಾ ಅದೇ ವರ್ಷ ಅದೇ ದಾರಿ ಹಿಡಿಯಿತು. ಯುರೋಪು 2021ರಲ್ಲಿ, ಜಪಾನ್ 2022ರಲ್ಲಿ ಕೆಳಗಿನ ಭಾಗ ಕೊಟ್ಟವು. ಚೀನಾ ಮಾತ್ರ ವೈಫೈಗೆ ಕೊಡಲೇ ಇಲ್ಲ, ಮೇಲಿನ ಭಾಗವನ್ನು ಮೊಬೈಲ್‌ಗೆ ಎತ್ತಿಟ್ಟಿತು. ನಮ್ಮಲ್ಲಿ ಮೊದಲಿಂದಲೂ ಸ್ವಲ್ಪ ತಡವೇ. 2.4 ಗಿಗಾಹರ್ಟ್ಸ್ ಅನ್ನು ಅಮೆರಿಕ 1985ರಲ್ಲಿ ತೆರೆದರೆ ಇಲ್ಲಿ ಮುಕ್ತವಾಗಿದ್ದು 2005ರಲ್ಲಿ. ಆ ಲೆಕ್ಕದಲ್ಲಿ ಈ ಬಾರಿಯ ಐದು ವರ್ಷ ಪರವಾಗಿಲ್ಲ ಅನ್ನಿ.

ಆದರೆ ಆ ಐದು ವರ್ಷದಲ್ಲಿ ಆಗಿದ್ದನ್ನು ನೋಡಿ. 2024ರ ನವೆಂಬರಿನಲ್ಲಿ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5 ಪ್ರೊ ಬಂದಾಗ ಅದನ್ನು ಮಾರುವ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ವೈಫೈ 7 ಬಳಸುವ 6 ಗಿಗಾಹರ್ಟ್ಸ್‌ಗೆ ಕೆಲವು ದೇಶಗಳಲ್ಲಿ ಇನ್ನೂ ಅನುಮತಿ ಇಲ್ಲ, ಅಲ್ಲಿ ಮಾರುವುದಿಲ್ಲ ಎಂದು ಕಂಪನಿಯೇ ಹೇಳಿತು. ಉಳಿದ ಸಾಧನಗಳ ಕಥೆ ಬೇರೆ. ಅವು ಬಂದವು, 6ರ ರೇಡಿಯೊ ಒಳಗೇ ಇದೆ, ಸಾಫ್ಟ್‌ವೇರ್ ಅದನ್ನು ಮುಚ್ಚಿದೆ. 2023ರಲ್ಲಿ ಬಂದ ಕ್ವೆಸ್ಟ್ 3 ಹೆಡ್‌ಸೆಟ್‌ನಲ್ಲಿ ವೈಫೈ 6ಇ ಇದೆ. ದುಬಾರಿ ಫೋನುಗಳಲ್ಲಿ, ಲ್ಯಾಪ್‌ಟಾಪುಗಳಲ್ಲಿ ಇದೆ. ಅಂಗಡಿಯಲ್ಲಿ ವೈಫೈ 7 ಎಂದು ಮಾರುವ ಕೆಲವು ರೂಟರುಗಳಿಗೆ ಇಲ್ಲಿ 2.4 ಮತ್ತು 5 ಮಾತ್ರ. ದುಡ್ಡು ಕೊಟ್ಟಿದ್ದು ಪೂರ್ತಿಗೆ, ಸಿಕ್ಕಿದ್ದು ಮುಕ್ಕಾಲು.

ಅಮೆರಿಕದಲ್ಲಿರುವ ತಮ್ಮ, ನಾದಿನಿ ಊರಿಗೆ ಬರುವಾಗ ಹೆಡ್‌ಸೆಟ್ ತಂದುಕೊಡುವುದು ನಮ್ಮ ಮನೆಗಳಲ್ಲಿ ಮಾಮೂಲು. ಅಲ್ಲಿ 6 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದ್ದ ಅದೇ ಸಾಧನ ಇಲ್ಲಿ 5ಕ್ಕೆ ಇಳಿಯುತ್ತದೆ. ಸುತ್ತಲಿನ ರೂಟರುಗಳು ತಾವು ಯಾವ ದೇಶದವು ಎಂದು ಗಾಳಿಯಲ್ಲಿ ಸಾರುತ್ತಿರುತ್ತವೆ, ಅದನ್ನು ಕೇಳಿ ಎಷ್ಟೋ ಸಾಧನಗಳು ಯಾವ ಚಾನೆಲ್ ಬಳಸಬಹುದೆಂದು ತೀರ್ಮಾನಿಸುತ್ತವೆ. ಇದಕ್ಕೊಂದು ಸುಲಭ ಉಪಾಯ ಎಲ್ಲರ ಬಾಯಲ್ಲೂ ಇದೆ: ರೂಟರಿನ ಸೆಟ್ಟಿಂಗ್‌ನಲ್ಲಿ ದೇಶವನ್ನು ಅಮೆರಿಕ ಅಂತ ಬದಲಾಯಿಸು. ಹೊರಗಿನಿಂದ ತಂದ ರೂಟರುಗಳಲ್ಲಿ ಇದು ಎರಡು ಕ್ಲಿಕ್ಕಿನ ಕೆಲಸ. ಇದು ಕಾನೂನಿಗೆ ವಿರುದ್ಧ ಎಂದು ಮಾಡುವ ಬಹಳ ಜನಕ್ಕೆ ಗೊತ್ತೇ ಇಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದ ನಮ್ಮಲ್ಲಿ ರೇಡಿಯೊ ಸಾಧನ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕು, ವಿನಾಯಿತಿ ಕೊಟ್ಟಿದ್ದಕ್ಕೆ ಮಾತ್ರ ಬೇಡ. ದೇಶ ಬದಲಾಯಿಸಿದಾಗ 6 ಒಂದೇ ಅಲ್ಲ, ಉಳಿದ ಬ್ಯಾಂಡ್‌ಗಳ ಶಕ್ತಿಯ ಮಿತಿಯೂ, ಚಾನೆಲ್ ಪಟ್ಟಿಯೂ ಅಮೆರಿಕದ್ದೇ ಆಗುತ್ತದೆ. ಹೊಸ ನಿಯಮ ಬಂದ ಮೇಲೂ 6425ರ ಆಚೆಗಿನ ಚಾನೆಲ್‌ಗಳಲ್ಲಿ ಆ ರೂಟರು ಕೂಗುತ್ತಲೇ ಇರುತ್ತದೆ. ನಾನಿದನ್ನು ಮಾಡುವುದಿಲ್ಲ, ಗ್ರಾಹಕರ ಮುಂದೆ ಮಾಡುವ ಕೆಲಸದಲ್ಲಿ ಇಂಥದ್ದು ಬೇಡ. ಆದರೆ ಮಾಡುವವರನ್ನು ಕಳ್ಳರಂತೆ ನೋಡಲೂ ಮನಸ್ಸಿಲ್ಲ. ನೆಟ್ಟಗಿನ ದಾರಿ ಇಲ್ಲದಿದ್ದಾಗ ಜನ ಬೇಲಿ ಹಾರುತ್ತಾರೆ.

ಇನ್ನು ನನ್ನ ಮುಖ್ಯ ಕೋರಿಕೆ. ಕೇಂದ್ರದ ಗೆಜೆಟ್‌ನಲ್ಲಿ ನಿಯಮ ಪ್ರಕಟವಾದ ಮರುದಿನ ನಮ್ಮ ಮನೆಯಲ್ಲಿ ಏನಾಗುತ್ತದೆ? ಏನೂ ಆಗುವುದಿಲ್ಲ ಅನ್ನುವುದೇ ನನ್ನ ಭಯ. ರೇಡಿಯೊ ಇರುವ ಪ್ರತಿ ಮಾಡೆಲ್‌ಗೂ ನಿಮ್ಮ ವಿಭಾಗದ ಇಟಿಎ, ಅಂದರೆ ಸಾಧನದ ಮಾದರಿ ಒಪ್ಪಿಗೆ ಬೇಕು. ಇಲ್ಲಿ ಮಾರಾಟವಾದ ರೂಟರುಗಳು ಒಪ್ಪಿಗೆ ಪಡೆದಿರುವುದು 2.4 ಮತ್ತು 5ಕ್ಕೆ. ಒಳಗೆ 6 ಇದ್ದರೂ ಕಾಗದದಲ್ಲಿ ಇಲ್ಲ. ಅದೇ ಮಾಡೆಲ್‌ಗೆ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ 6 ತೆರೆಯಬೇಕಾದರೆ ಕಂಪನಿ ಏನು ಮಾಡಬೇಕು? ಮೊದಲಿಂದ ಎಲ್ಲ ಪರೀಕ್ಷೆಯಾ? ಹೊಸ ಮಾಡೆಲ್ ನಂಬರಾ? ಇದನ್ನು ಕರಡು ನಿಯಮದಲ್ಲೇ ನೇರವಾಗಿ ಬರೆದುಬಿಡಿ.

ಬರೆಯದಿದ್ದರೆ ಏನಾಗುತ್ತದೆ ಎಂದು ಊಹಿಸಲು ಜಾಣತನ ಬೇಡ. ಹಳೆಯ ಮಾಡೆಲ್‌ಗೆ ಕಾಗದ ಪತ್ರ ಮಾಡಿಸುವುದಕ್ಕಿಂತ "ಈಗ ಭಾರತದಲ್ಲಿ 6 ಗಿಗಾಹರ್ಟ್ಸ್ ಸಹಿತ" ಎಂದು ಹೊಸ ಡಬ್ಬ ಮಾರುವುದು ಕಂಪನಿಗೆ ಲಾಭ. ಅದೇ ಚಿಪ್, ಅದೇ ಆಂಟೆನಾ, ಹೊಸ ಬಿಲ್ಲು. ಮೊನ್ನೆ ಮೊನ್ನೆ ರೂಟರ್ ಕೊಂಡವರು ಮತ್ತೆ ಕೊಳ್ಳಬೇಕು, ಹಳೆಯದು ಇ-ಕಸದ ರಾಶಿಗೆ. ಸರಳ್ ಸಂಚಾರ್ ಪೋರ್ಟಲಿನಲ್ಲಿ ಪರವಾನಗಿ ಬೇಡದ ಬ್ಯಾಂಡ್‌ಗಳ ಸಾಧನಗಳಿಗೆ ಸ್ವಯಂ ಘೋಷಣೆಯ ಮೇಲೆ ಇಟಿಎ ಕೊಡುವ ವ್ಯವಸ್ಥೆ ನಿಮ್ಮಲ್ಲಿ ಆಗಲೇ ಇದೆ. ಹೊರದೇಶದಲ್ಲಿ 6ಕ್ಕೆ ಪರೀಕ್ಷೆಯಾದ ವರದಿ ಇರುವ ಅದೇ ಹಾರ್ಡ್‌ವೇರ್‌ಗೆ, ಶಕ್ತಿಯ ಮಿತಿ ನಮ್ಮ ನಿಯಮಕ್ಕೆ ಹೊಂದುವುದಾದರೆ, ಅಲ್ಲೇ ಹಳೆಯ ಒಪ್ಪಿಗೆಗೆ ಒಂದು ಸೇರ್ಪಡೆ ಮಾಡಿ ಮುಗಿಸಬಹುದು. ಯಾವ ಮಾಡೆಲ್‌ಗೆ ಹೀಗೆ ತೆರೆದಿದೆ ಎಂಬ ಪಟ್ಟಿ ಎಲ್ಲರಿಗೂ ಕಾಣುವ ಹಾಗಿರಲಿ. ಪಟ್ಟಿ ಇದ್ದರೆ ನಾವೇ ಕಂಪನಿಗೆ ಫೋನ್ ಮಾಡಿ ಕೇಳುತ್ತೇವೆ, "ಅವರದ್ದು ಬಂತಲ್ಲ, ನಿಮ್ಮದು ಯಾವಾಗ?" ಅಂತ. ಇಂಟರ್ನೆಟ್ ಕಂಪನಿಗಳು ಬಾಡಿಗೆಯ ಹಾಗೆ ಕೊಡುವ ರೂಟರುಗಳ ಸೆಟ್ಟಿಂಗ್‌ಗೆ ಎಷ್ಟೋ ಸಲ ಗ್ರಾಹಕನಿಗೆ ಪ್ರವೇಶವೇ ಇರುವುದಿಲ್ಲ. ಅವನ್ನೂ ಮರೆಯಬೇಡಿ.

ಕರಡಿನ ಉಳಿದ ಅಂಶಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಮನೆಯೊಳಗೆ ರೂಟರಿನ ಪ್ರಸಾರ ಶಕ್ತಿಗೆ 30 ಡಿಬಿಎಂ, ಅಂದರೆ 1 ವ್ಯಾಟ್ ಮಿತಿ ಇಟ್ಟಿದ್ದೀರಿ. ಯುರೋಪಿನಲ್ಲಿ ಇದು 23 ಡಿಬಿಎಂ, ಬರೀ 200 ಮಿಲಿವ್ಯಾಟ್. ನಮ್ಮ ಕಾಂಕ್ರೀಟು ಗೋಡೆಗಳಿಗೆ ಈ ಧಾರಾಳತನ ಬೇಕಿತ್ತು, ಯಾರೋ ಯೋಚಿಸಿ ಬರೆದಿದ್ದಾರೆ. ಅದನ್ನು ಕಡಿಮೆ ಮಾಡಿ ಎಂದು ಒತ್ತಡ ಬಂದರೆ ದಯವಿಟ್ಟು ಒಪ್ಪಬೇಡಿ. ಹೊರಗೆ 14 ಡಿಬಿಎಂ, 25 ಮಿಲಿವ್ಯಾಟ್. ಕಾರು, ರೈಲು, ದೋಣಿಯೊಳಗೆ ಬಳಸುವಂತಿಲ್ಲ ಅಂದಿದ್ದೀರಿ. ಇರಲಿ ಬಿಡಿ, ಬಿಎಂಟಿಸಿ ಬಸ್ಸಿನಲ್ಲಿ ಹೆಡ್‌ಸೆಟ್ ಹಾಕಿ ನಿಲ್ಲುವ ಧೈರ್ಯ ನನಗಂತೂ ಇಲ್ಲ.

ಉಪಗ್ರಹಗಳ ಮಾತು ಹಗುರವಲ್ಲ. ಭೂಮಿಯಿಂದ ಉಪಗ್ರಹಕ್ಕೆ ಸಿ ಬ್ಯಾಂಡ್ ಸಂಕೇತ ಏರುವುದು ಇದೇ 5925ರಿಂದ 6425ರ ನಡುವೆ. ನಮ್ಮ ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ದೇಶದ ಸಂವಹನ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ. ಅಲ್ಲಿನವರ ಚಿಂತೆಗೆ ಅರ್ಥವಿದೆ. ಆದರೆ ಆ ಉಪಗ್ರಹ ಇರುವುದು 36,000 ಕಿಲೋಮೀಟರ್ ಮೇಲೆ, ನನ್ನ ರೂಟರು ಇರುವುದು ಆರ್‌ಸಿಸಿ ಛಾವಣಿಯ ಕೆಳಗೆ. ಒಂದು ಮನೆಯದು ಅಲ್ಲಿಗೆ ಮುಟ್ಟುವುದಿಲ್ಲ. ಕೋಟಿಗಟ್ಟಲೆ ಮನೆಗಳದ್ದು ಒಟ್ಟುಗೂಡಿದರೆ ಹೇಗೆ ಅನ್ನುವುದೇ ಪ್ರಶ್ನೆ. ಅದನ್ನು ಅಳೆಯುತ್ತಾ ಹೋಗಿ, ಅಳತೆಯನ್ನು ಪ್ರಕಟಿಸಿ. ಒಳಾಂಗಣ, ಕಡಿಮೆ ಶಕ್ತಿ, ಡ್ರೋನ್‌ಗೆ ಬೇಡ ಎಂಬ ನಿಮ್ಮ ಷರತ್ತುಗಳು ಇರುವುದೇ ಅದಕ್ಕೆ ಅಲ್ವಾ.

ಮೊಬೈಲ್ ಕಂಪನಿಗಳು ಇಡೀ 6 ಗಿಗಾಹರ್ಟ್ಸ್ ತಮಗೇ ಬೇಕು ಅನ್ನುತ್ತಾ ಬಂದಿವೆ. ತರಂಗಾಂತರ ಹರಾಜಾದರೆ ಸರ್ಕಾರಕ್ಕೆ ಹಣ ಬರುತ್ತದೆ, ಸುಮ್ನೆ ಕೊಟ್ಟರೆ ನಷ್ಟ ಅನ್ನುವ ವಾದ. ಸುಮ್ನೆ ಕೊಡುತ್ತಿರುವುದು ಯಾರಿಗೆ? ಒಬ್ಬರಿಗೂ ಅಲ್ಲ. ಯಾರೂ ಇದಕ್ಕೆ ಒಡೆಯರಾಗುವುದಿಲ್ಲ, ಷರತ್ತು ಮೀರದೆ ಎಲ್ಲರೂ ಬಳಸಬಹುದು, ಅಷ್ಟೇ. ಈ ಕಂಪನಿಗಳೇ 2023ರಿಂದ ಏರ್‌ಫೈಬರ್ ಹೆಸರಿನಲ್ಲಿ 5ಜಿ ಮೂಲಕ ಮನೆಗೆ ಇಂಟರ್ನೆಟ್ ಕೊಡುತ್ತಿವೆ. ಮನೆ ತಾರಸಿವರೆಗೆ 5ಜಿ, ತಾರಸಿಯಿಂದ ಟಿವಿವರೆಗೆ ಅದೂ ವೈಫೈಯೇ. ಆ ಕೊನೆಯ ಹತ್ತು ಮೀಟರ್ ಕಿಕ್ಕಿರಿದರೆ ಅವರ ಗ್ರಾಹಕರೇ ಬೈಯುವುದು. 6425ರ ಮೇಲಿನದರ ಬಗ್ಗೆ ಈಗ ಜಗಳ ಬೇಡ. ಆದರೆ ಈ 500ರಲ್ಲಿ ಒಂದು ಮೆಗಾಹರ್ಟ್ಸ್ ಕೂಡ ಕಡಿಮೆ ಮಾಡಬೇಡಿ. ಅಪಾರ್ಟ್‌ಮೆಂಟ್ ಒಂದರಲ್ಲಿ 160 ಅಗಲದ ಚಾನೆಲ್ ಮೂರು ಅನ್ನುವುದೇ ಬಿಗಿ ಲೆಕ್ಕ.

ವಿಆರ್ ಎಂದರೆ ಆಟ, ಶ್ರೀಮಂತರ ಮಕ್ಕಳ ಗೊಂಬೆ ಎಂದು ಕಚೇರಿಯಲ್ಲಿ ಯಾರಾದರೂ ಅಂದುಕೊಂಡಿದ್ದರೆ ಒಂದು ಮಾತು. ಕರ್ನಾಟಕ ಸರ್ಕಾರ 2024ರಿಂದ 2029ರವರೆಗೆ ಎವಿಜಿಸಿ-ಎಕ್ಸ್‌ಆರ್ ನೀತಿ ಎಂದೇ ಒಂದನ್ನು ಮಾಡಿದೆ. ಅನಿಮೇಷನ್, ಗೇಮಿಂಗ್, ವಿಆರ್ ಕೆಲಸಗಳು ಇಲ್ಲಿ ಬೆಳೆಯಲಿ ಅನ್ನುವುದು ಅದರ ಉದ್ದೇಶ. ಒಂದು ಸರ್ಕಾರ ಕೆಲಸ ಬೆಳೆಸಿ ಅನ್ನುತ್ತದೆ, ಆ ಕೆಲಸಕ್ಕೆ ಬೇಕಾದ ಗಾಳಿ ಇನ್ನೊಂದು ಸರ್ಕಾರದ ಕೈಯಲ್ಲಿದೆ. ನಾನು ನನ್ನ ಕೋಣೆಯಲ್ಲಿ ವಿಆರ್‌ಗೆಂದೇ ಬೇರೆ ರೂಟರು ಇಟ್ಟಿದ್ದೇನೆ, ಕಂಪ್ಯೂಟರಿಗೆ ಕೇಬಲ್ ಹಾಕಿದ್ದೇನೆ, ಚಾನೆಲ್ ಕೈಯಿಂದಲೇ ಆರಿಸುತ್ತೇನೆ. ಅಷ್ಟಾದರೂ ಸಂಜೆ ಏಳರ ಮೇಲೆ ಡೆಮೊ ಇಟ್ಟುಕೊಳ್ಳುವುದಿಲ್ಲ. ಆ ಹೊತ್ತಿಗೆ ಎಲ್ಲರೂ ಮನೆಗೆ ಬಂದಿರುತ್ತಾರೆ. ಉದ್ದನೆಯ ಯುಎಸ್‌ಬಿ ಕೇಬಲ್ ಕಟ್ಟಿ ತೋರಿಸಬಹುದು ನಿಜ, ಆದರೆ ಇಲ್ಲದ ಮನೆಯಲ್ಲಿ ನಡೆಯುತ್ತಿರುವ ಅರವತ್ತೈದರ ಅಜ್ಜಿಯ ಕಾಲಿಗೆ ನಿಜವಾದ ಕೇಬಲ್ ತೊಡರುವುದು ಬೇಡ.

ಕೊನೆಯದಾಗಿ, ನಿಯಮ ಬಂದಾಗ ಅದರ ಜೊತೆ ಎರಡು ಪುಟದ ಸರಳ ಟಿಪ್ಪಣಿ ಹೊರಡಿಸಿ, ಕನ್ನಡದಲ್ಲೂ ಇರಲಿ. ದೇಶದ ಸೆಟ್ಟಿಂಗ್ ಭಾರತ ಅಂತಲೇ ಇಡಿ, ಅಪ್‌ಡೇಟ್ ಹಾಕಿಸಿ, ರೂಟರನ್ನು ಬಾಲ್ಕನಿಯಲ್ಲಿ ಇಡಬೇಡಿ, ನಿಮ್ಮ ಮಾಡೆಲ್ ಪಟ್ಟಿಯಲ್ಲಿದೆಯೇ ನೋಡಿ. ಇಷ್ಟಿದ್ದರೆ ಸಾಕು. ಆಗಲೇ ಅಮೆರಿಕ ಎಂದು ಬದಲಾಯಿಸಿಕೊಂಡವರು ವಾಪಸ್ ಬರಲು ಅದೇ ಸಾಕಾದೀತು.

ಇಟಿಎ ಬಗ್ಗೆ ನಾನು ಕೇಳಿದ್ದನ್ನು ಅಭಿಪ್ರಾಯಗಳ ಕಡತಕ್ಕೆ ಸೇರಿಸಿಕೊಳ್ಳಿ ಎಂದು ವಿನಂತಿ. ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಬೇರೆಯಾಗಿ ಕಳಿಸುತ್ತಿದ್ದೇನೆ.

ಇಂತಿ ನಮಸ್ಕಾರಗಳು,
ಬೆಂಗಳೂರಿನ ಒಬ್ಬ ವಿಆರ್ ಕೆಲಸಗಾರ
ಜೂನ್ 2025